ಎಪ್ಪತ್ತೆರಡು ಪುಟದ ಪುಸ್ತಕ

ಡಯಾಲಿಸಿಸ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ನರ್ಸನ್ನು ರೋಗಿಗಳೆಲ್ಲ ‘ಪುಸ್ತಕದ ಸಿಸ್ಟರ್’ ಅಂತಲೇ ಕರೆಯುತ್ತಿದ್ದರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರಲ್ಲ, ಓದಿನ ವಿಷಯದಲ್ಲಿ ಆಕೆಯದು ಆ ಎಡವಟ್ಟನ ದಾರಿ. ಹತ್ತು ಜನ ಹೊಗಳಿದ ಪುಸ್ತಕವನ್ನು ಮುಟ್ಟುತ್ತಿರಲಿಲ್ಲ. ರಜೆಯ ದಿನ ಹಳೇ ಪೇಪರ್ ಅಂಗಡಿಯಲ್ಲಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೂಗಿನೊಳಗೆಲ್ಲ ಧೂಳು ತುಂಬಿಕೊಂಡು, ಯಾರೂ ಹೆಸರು ಕೇಳದ ಪುಸ್ತಕವೊಂದನ್ನು ಹೆಕ್ಕಿ ತರುತ್ತಿದ್ದಳು. ಬೀಗ ರಿಪೇರಿಯವನೊಬ್ಬ ಬೀಗಗಳ ಬಗ್ಗೆ ಬರೆದದ್ದು ಒಂದು ಸಲ ಸಿಕ್ಕರೆ, ಒಂದೇ ಮರದ ಕಾಗೆಗಳನ್ನು ಹತ್ತೊಂಬತ್ತು ವರ್ಷ ನೋಡಿದ ಹೆಂಗಸು ಬರೆದದ್ದು ಇನ್ನೊಂದು ಸಲ. ಹತ್ತೊಂಬತ್ತು ವರ್ಷ ಕಾಗೆ ನೋಡುವುದಕ್ಕೂ ಪುಣ್ಯ ಬೇಕು ಬಿಡಿ.

“ಬಟ್ಟೆ ಬೀರು ತೆಗೆದ್ರೂ ಪುಸ್ತಕ, ಮಂಚದ ಕೆಳಗೂ ಪುಸ್ತಕ. ಇನ್ನು ನಾನೇ ಹೊರಗೆ ನಿಂತ್ಕೋಬೇಕು ಅಷ್ಟೇ” ಎಂದು ಗಂಡ ಗೊಣಗುತ್ತಿದ್ದ. ಗೊಣಗಿ ಗೊಣಗಿ ಅವನೂ ಕಾಗೆಯ ಪುಸ್ತಕವನ್ನು ಎರಡು ಸಲ ಓದಿದ್ದ ಎಂಬುದು ಬೇರೆ ಮಾತು.

ಆಸ್ಪತ್ರೆಗೆ ಆಕೆ ಕತೆ, ಕಾದಂಬರಿ ಒಯ್ಯುತ್ತಿರಲಿಲ್ಲ. ಅದಕ್ಕೆ ಕಾರಣ ಬೇಕರಿ ನಡೆಸುತ್ತಿದ್ದ ಒಬ್ಬ ಅಮ್ಮ. “ಅಯ್ಯೋ, ಕತೆ ಬೇಡ ಸಿಸ್ಟರ್. ಕೊನೇಲಿ ಯಾರಾದ್ರೂ ಸತ್ತೇ ಸಾಯ್ತಾರೆ. ಅದನ್ನ ಓದೋಕೆ ಇಲ್ಲೀತನಕ ಬರಬೇಕಾ?” ಅಂದಿದ್ದರು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ಸೂಜಿ ಚುಚ್ಚಿದ ಕೈ ಅಲುಗಿಸುವ ಹಾಗಿಲ್ಲ. ಪಕ್ಕದ ಮೆಷಿನ್ನಿನಲ್ಲಿ ತಮ್ಮದೇ ರಕ್ತ ಸುತ್ತುತ್ತಿದ್ದರೆ ಜನ ಸೀಲಿಂಗಿನ ಚೌಕಗಳನ್ನು ಎಣಿಸುತ್ತ ಮಲಗಿರುತ್ತಿದ್ದರು. ಅಂಥವರ ಇನ್ನೊಂದು ಕೈಗೆ ಈಕೆ ಪುಸ್ತಕ ಕೊಟ್ಟಳು.

ಕೊಟ್ಟು ಸುಮ್ಮನಿರುವ ಜಾಯಮಾನ ಆಕೆಯದಲ್ಲ. ಬಿಪಿ ನೋಡುವ ನೆಪದಲ್ಲಿ ಹತ್ತಿರ ಸುಳಿದಾಡುತ್ತ ಅವರ ಮುಖವನ್ನೇ ನೋಡುತ್ತಿದ್ದಳು. ಸುಮಾರು ಮೂವತ್ತನೇ ಪುಟಕ್ಕೆ ಬರುವಾಗ ಹುಬ್ಬು ಮೇಲೇರಿ, ತುಟಿ ಸ್ವಲ್ಪ ತೆರೆದು, ಓದುವವರು ಮೆಷಿನ್ನನ್ನು ಮರೆಯುತ್ತಿದ್ದರು. ಆ ಗಳಿಗೆಗಾಗಿ ಆಕೆ ಬದುಕಿದ್ದಳು ಎಂದರೂ ಸುಳ್ಳಲ್ಲ. ತಾನು ಕಂಡದ್ದನ್ನು ಇನ್ನೊಬ್ಬರೂ ಕಾಣುವುದಕ್ಕಿಂತ ದೊಡ್ಡ ಸುಖ ಆಕೆಗೆ ಗೊತ್ತಿರಲಿಲ್ಲ.

ಆಕೆಯ ಅತಿ ದೊಡ್ಡ ಗಿರಾಕಿ ಎಂದರೆ ಕಿಟಕಿ ಪಕ್ಕದ ಹಾಸಿಗೆಯ ಸರ್ವೆಯರ್. ಜೀವಮಾನವೆಲ್ಲ ಗುಡ್ಡ, ಹೊಲ ಅಳೆದು ನಿವೃತ್ತರಾದವರು. ಜೇಬಿನಲ್ಲಿ ಈಗಲೂ ಒಂದು ಸ್ಕೇಲು. ಕೊಟ್ಟ ಪುಸ್ತಕದಲ್ಲಿ ತಪ್ಪು ಹುಡುಕದೆ ಹಿಂದಿರುಗಿಸಿದವರಲ್ಲ. ಅವರೇ ಒಂದು ಮಧ್ಯಾಹ್ನ ಆಕೆಯನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಸಿಸ್ಟರಮ್ಮ. ಎದುರು ಹಾಸಿಗೆ ಟೈಲರಿಗೆ ತೆಳ್ಳಗಿನ ಪುಸ್ತಕ ಕೊಟ್ರಿ, ಮೂರು ವಾರಕ್ಕೆ ಹೋದ್ರು. ಬೇಕರಿ ಅಮ್ಮನಿಗೆ ಕೊನೆಗೆ ಕೊಟ್ಟಿದ್ದು ತೊಂಬತ್ತು ಪುಟದ್ದು. ಅವರೂ ಹೋದ್ರು. ಇಲ್ಲಿ ಎಲ್ರೂ ನೋಡ್ತಾ ಇರ್ತೀವಿ. ಡಾಕ್ಟ್ರು ಬಾಯಿ ಬಿಡಲ್ಲ, ನಿಮ್ಮ ಪುಸ್ತಕದ ಚೀಲ ಬಾಯಿ ಬಿಡುತ್ತೆ.”

“ಸರ್, ನಾನು ಬೇಕೂಂತ…”

“ಬೇಕೂಂತ ಮಾಡಿಲ್ಲ, ಗೊತ್ತು. ಆದ್ರೆ ಮೂಲೆ ಹಾಸಿಗೆ ಟೀಚರಿಗೆ ಹೋದ ವಾರ ಅರವತ್ತು ಪುಟದ್ದು ಕೊಟ್ರಲ್ಲ, ಆಯಮ್ಮ ಎರಡು ದಿನ ಊಟ ಬಿಟ್ಟು ಅತ್ತಿದಾರೆ.”

ಟೀಚರ ರಿಪೋರ್ಟ್ ಚೆನ್ನಾಗಿಯೇ ಇತ್ತು. ಪುಸ್ತಕ ಚೆನ್ನಾಗಿದೆಯೆಂದು ಕೊಟ್ಟದ್ದು, ಅಷ್ಟೇ. ಒಂದು ಕೈಯಲ್ಲಿ ಹಿಡಿಯಲು ತೆಳ್ಳಗಿದ್ದರೆ ಸುಲಭ ಎಂದು ಸಮಜಾಯಿಷಿ ಹೇಳಲು ಹೊರಟವಳಿಗೆ ಟೈಲರ್ ನೆನಪಾದರು, ಬೇಕರಿಯ ಅಮ್ಮ ನೆನಪಾದರು. ಎಲ್ಲರ ರಿಪೋರ್ಟೂ ಮೊದಲು ಹಾದುಹೋಗುತ್ತಿದ್ದದ್ದು ಆಕೆಯ ಕಣ್ಣ ಮುಂದೆಯೇ. ಮುಗಿಸಲಾಗದ ಪುಸ್ತಕ ಕೊಡಬಾರದೆಂದು ಕೈ ತಾನಾಗಿಯೇ ತೆಳ್ಳಗಿನದನ್ನು ಆರಿಸಿಕೊಂಡಿತ್ತು. ಆ ದಿನ ಮನೆಗೆ ಹೋಗಿ ಗಂಡನ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು.

ಮರುವಾರದಿಂದ ಎಲ್ಲರಿಗೂ ದಪ್ಪದ್ದೇ. ಹೊಟ್ಟೆಯ ಮೇಲೆ ದಿಂಬು, ದಿಂಬಿನ ಮೇಲೆ ಪುಸ್ತಕ. “ಇದು ಓದೋಕಾ ಸಿಸ್ಟರ್, ತಲೆ ಕೆಳಗೆ ಇಟ್ಕೊಳ್ಳೋಕಾ?” ಎಂದು ಟೀಚರ್ ನಕ್ಕರು. ಆ ನಗು ಕೇಳಿ ಆಕೆಗೆ ಹೋದ ಜೀವ ಬಂದಂತಾಯಿತು.

ಎರಡು ತಿಂಗಳು ಕಳೆದಿರಬೇಕು, ಡಾಕ್ಟರ್ ಸರ್ವೆಯರ ಕಾಗದಗಳನ್ನು ಮಡಚುತ್ತ ಹೇಳಿದರು: “ಹಾರ್ಟ್ ಸೋತುಬಿಟ್ಟಿದೆ ಸಿಸ್ಟರ್. ಒಂದು ತಿಂಗಳು, ಒಂದೂವರೆ ತಿಂಗಳು. ಅವರ ಹೆಂಡತಿಗೆ ಹೇಳಿದೀನಿ. ಯಜಮಾನರಿಗೆ ಗೊತ್ತಾಗೋದು ಬೇಡ ಅಂದ್ರು ಆಯಮ್ಮ.”

ಗ್ರಹಚಾರ ನೋಡಿ, ಅದೇ ವಾರ ಆ ಪುಸ್ತಕ ಸಿಕ್ಕಿತು. ರಟ್ಟು ಹರಿದು, ಪಿನ್ನು ತುಕ್ಕು ಹಿಡಿದಿತ್ತು. ಸರ್ವೆಯವರ ಹಿಂದೆ ನಲವತ್ತು ವರ್ಷ ಅಳತೆಯ ಸರಪಳಿ ಹೊತ್ತ ಕೂಲಿಯೊಬ್ಬ ಹೇಳಿದ್ದನ್ನು ಅವನ ಮಗಳು ಬರೆದುಕೊಂಡದ್ದು. ‘ನಕ್ಷೆಯ ಕೆಳಗೆ ಸಹಿ ಸಾಹೇಬರದು. ಮುಳ್ಳು ಹೊಕ್ಕದ್ದು ಮಾತ್ರ ನನ್ನ ಕಾಲಿಗೆ’ ಎಂಬುದು ಮೊದಲ ಸಾಲು. ಅಂಗಡಿಯಲ್ಲಿ ನಿಂತ ಕಾಲಲ್ಲೇ ಓದಿ ಮುಗಿಸಿದಳು. ಇದನ್ನು ಓದಿ ಸರ್ವೆಯರ್ ಸ್ಕೇಲಿನಿಂದ ಮಂಚ ಕುಟ್ಟುವುದು, ಬೈಯುವುದು, ಆಮೇಲೆ ಸುಮ್ಮನಾಗಿ ಕಿಟಕಿಯ ಕಡೆ ತಿರುಗುವುದು ಎಲ್ಲ ಆಕೆಯ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷದಲ್ಲಿ ಒಬ್ಬರಿಗೆಂದೇ ಬರೆದಂಥ ಪುಸ್ತಕ ಹೀಗೆ ಸಿಕ್ಕಿದ್ದೇ ಇಲ್ಲ. ಖುಷಿಯಲ್ಲಿ ಚೀಲಕ್ಕೆ ಹಾಕುವಾಗ ಕೊನೆಯ ಪುಟದ ಸಂಖ್ಯೆ ಕಂಡಿತು. ಎಪ್ಪತ್ತೆರಡು.

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊಟ್ಟರೆ, ನೀವು ಸಾಯುತ್ತಿದ್ದೀರಿ ಎಂದು ಅವರ ಮುಖಕ್ಕೆ ಹೇಳಿದ ಹಾಗೆ. ಕೊಡದಿದ್ದರೆ ಅವರು ಇದನ್ನು ಓದದೆ ಹೋಗುತ್ತಾರೆ. “ದಪ್ಪದ್ದೇ ಕೊಡೆ. ಇರೋಷ್ಟು ದಿನ ನೆಮ್ಮದಿಯಾಗಿರ್ಲಿ” ಅಂದ ಗಂಡ.

ಶುಕ್ರವಾರ ಸರ್ವೆಯರ್ ಎಂದಿನಂತೆ ಕೈ ಚಾಚಿದರು. “ಏನು ತಂದಿದೀರಿ ಸಿಸ್ಟರಮ್ಮ?”

ಚೀಲಕ್ಕೆ ಇಳಿದ ಕೈಗೆ ಮೊದಲು ತಗುಲಿದ್ದು ತೆಳ್ಳಗಿನದು. ಅದನ್ನು ಸರಿಸಿ, ಆರುನೂರ ನಲವತ್ತು ಪುಟದ ಇನ್ನೊಂದನ್ನು ಹೊರತೆಗೆದಳು. ಬಂದರಿನ ಸುಂಕದ ಬಗ್ಗೆ ಯಾರೋ ಅಧಿಕಾರಿ ಬರೆದದ್ದು. ಬೆಳಿಗ್ಗೆ ದಪ್ಪ ನೋಡಿ ಎತ್ತಿಕೊಂಡು ಬಂದಿದ್ದಳು, ಮುನ್ನುಡಿಯನ್ನೂ ಓದಿರಲಿಲ್ಲ. ತಾನು ಓದದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಟ್ಟದ್ದು ಅದೇ ಮೊದಲು.

ಸರ್ವೆಯರ್ ಅದರ ಬೆನ್ನಿಗೆ ಸ್ಕೇಲು ಹಿಡಿದರು. “ಎರಡು ಇಂಚು! ಹಾಗಾದ್ರೆ ನಾನಿನ್ನೂ ಇರ್ತೀನಿ ಅನ್ನಿ.”

“ಇರದೆ ಏನು ಸರ್” ಅಂದಳು, ಟ್ಯೂಬು ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿ.

ಆರು ವಾರ ಅವರು ಅದನ್ನೇ ಓದಿದರು. ಕೇಳಿದಾಗೆಲ್ಲ “ಚೆನ್ನಾಗಿದೆ, ಚೆನ್ನಾಗಿದೆ” ಅನ್ನುತ್ತಿದ್ದರು. ಒಂದು ತಪ್ಪನ್ನೂ ಎತ್ತಿ ತೋರಿಸಲಿಲ್ಲ. ಆಗಲೇ ಆಕೆಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಒಂದು ಭಾನುವಾರ ಮನೆಯಲ್ಲೇ ಹೋಗಿಬಿಟ್ಟರು. ಕಿಟಕಿ ಪಕ್ಕದ ಹಾಸಿಗೆಗೆ ಬುಧವಾರ ಹೊಸಬರೊಬ್ಬರು ಬಂದರು.

ಕೆಲವು ದಿನಗಳ ಮೇಲೆ ಸರ್ವೆಯರ ಹೆಂಡತಿ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಡ್ಯೂಟಿ ಮುಗಿಸಿ ಹೊರಟಿದ್ದ ಸಿಸ್ಟರ್ ಅವರನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ತಾನೂ ಕೂತಳು.

“ಇನ್ನೂರು ಪುಟದ ಮೇಲೆ ಓದಿದ್ರು” ಅಂದರು ಆಯಮ್ಮ.

“ಹಿಡಿಸಿತ್ತಾ ಅವರಿಗೆ?”

“ನಿಮ್ಮ ಹತ್ರ ಸುಳ್ಳು ಯಾಕೆ. ಒಂಚೂರೂ ಹಿಡಿಸ್ಲಿಲ್ಲ. ಪುಟಪುಟಕ್ಕೂ ಆಕಳಿಸ್ತಿದ್ರು. ಬಿಟ್ಟಾಕಿ ಅಂದ್ರೆ, ‘ಬಿಟ್ರೆ ನನಗೆ ವಿಷಯ ಗೊತ್ತು ಅಂತ ಆ ಹೆಣ್ಣುಮಗಳಿಗೆ ಗೊತ್ತಾಗ್ಬಿಡುತ್ತೆ ಕಣೇ. ಪಾಪ, ಎಷ್ಟು ಕಷ್ಟಪಟ್ಟು ಸುಳ್ಳು ಹೇಳಿದಾಳೆ’ ಅಂತಿದ್ರು.”

ಸಿಸ್ಟರಿಗೆ ಅಳು ತಡೆಯಲಾಗಲಿಲ್ಲ. ನಾಚಿಕೆ, ಸಂಕಟ ಎರಡೂ ಒಟ್ಟಿಗೆ ನುಗ್ಗಿ ಬಂದವು. ಅಳುತ್ತಲೇ ಚೀಲದಿಂದ ಆ ತೆಳ್ಳಗಿನ ಪುಸ್ತಕ ತೆಗೆದು, ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಆಯಮ್ಮ ಕನ್ನಡಕ ಹಾಕಿಕೊಂಡು ಮೊದಲ ಪುಟ ಓದಿದರು. ಮುಳ್ಳಿನ ಸಾಲಿಗೆ ಬಂದಾಗ ಅವರ ಮುಖದಲ್ಲಿ ಒಂದು ನಗು ಸುಳಿಯಿತು, ಗಂಡ ಇದಕ್ಕೆ ಏನು ಅನ್ನುತ್ತಿದ್ದರೆಂದು ಅವರಿಗೂ ಗೊತ್ತಿತ್ತು.

“ಇದನ್ನ ಓದೋಕೆ ಎಷ್ಟು ಹೊತ್ತು ಬೇಕು?”

“ಒಂದು ಮಧ್ಯಾಹ್ನ ಸಾಕು.”

ಆಯಮ್ಮ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

“ಒಂದು ಮಧ್ಯಾಹ್ನ ಇತ್ತಲ್ಲ ಸಿಸ್ಟರ್, ಅವರಿಗೆ.”