ತೆರೆದಿಟ್ಟ ತೊಟ್ಟಿ

ಹೋದ ವಾರ ನನ್ನ ಸೊಸೆ ಹಿತ್ತಲಿನ ಬಕೆಟ್ಟಿನಲ್ಲಿ ಹತ್ತಿಯ ದುಪ್ಪಟಿಯೊಂದನ್ನು ನೆನೆಹಾಕಿ, ಒಗೆಯುವುದನ್ನು ಮರೆತು ತವರಿಗೆ ಹೊರಟುಬಿಟ್ಟಳು. ನನಗೂ ಅದರ ಸುಳಿವಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದಾಗ ಮೂಗಿಗೆ ಬಡಿಯಿತು... ದಿನಗಟ್ಟಲೆ ನೀರಿನಲ್ಲಿ ನೆಂದ ಹತ್ತಿಯ ಹುಳಿ ವಾಸನೆ. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಂಡು ನೀರು ಚೆಲ್ಲುತ್ತಿದ್ದರು. ನಾನು ನಿಂತುಬಿಟ್ಟೆ. ಬಗ್ಗಿ ನೋಡಿದರೆ ನೀರಿನಲ್ಲಿ ಸಣ್ಣ ಹುಳಗಳು ಬಾಲ ಕುಣಿಸುತ್ತಿದ್ದವು. ಹಲ್ಲುಪುಡಿ ಅಂಗೈಯಲ್ಲೇ ಉಳಿಯಿತು. ಸೇಲಂನ ನಮ್ಮ ಬೀದಿ ನೆನಪಾಯಿತು, ಪಕ್ಕದ ಮನೆಯ ಅತ್ತೆ ನೆನಪಾದಳು.

ಅತ್ತೆ ಅಂದರೆ ಸ್ವಂತ ಅತ್ತೆಯಲ್ಲ. ಕನ್ನಡ ಮಾತಾಡುವ ನೇಕಾರರ ನಮ್ಮ ಮಗ್ಗದ ಬೀದಿಯಲ್ಲಿ ಒಂದು ಕಡೆಯ ಮನೆಯವಳು ಅತ್ತೆ, ಇನ್ನೊಂದು ಕಡೆಯವಳು ಚಿಕ್ಕಮ್ಮ. ಹೆಸರು ಹಿಡಿದು ಕರೆಯುವ ರೂಢಿಯೇ ಇರಲಿಲ್ಲ. ಇದು ಮೂವತ್ತರ ದಶಕದ ಮಾತು. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಅತ್ತೆ ಶಂಕಗಿರಿಯ ಕಡೆಯಿಂದ ಮದುವೆಯಾಗಿ ಬಂದವಳು, ಕಪ್ಪಗೆ, ಗಟ್ಟಿಮುಟ್ಟಾಗಿ, ಯಾರ ಮಾತಿಗೂ ಸುಲಭಕ್ಕೆ ಸೊಪ್ಪು ಹಾಕದವಳು. ಅವಳಿಗೆ ಒಬ್ಬಳೇ ಮಗಳು, ನನ್ನ ಓರಗೆಯವಳು. ಮನೆಯಲ್ಲಿ ಅವಳ ಗಂಡನ ತಾಯಿ ಮುದುಕಿಯೂ ಇದ್ದಳು. ಬೀದಿಯ ಕೊನೆಯಲ್ಲಿದ್ದ ಹೆಂಚಿನ ಶಾಲೆಗೆ ನಾವಿಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು.

ನಮ್ಮ ಬೀದಿಯ ಪ್ರತಿ ಮನೆಯ ಮುಂದೂ ಒಂದು ಕಲ್ಲಿನ ತೊಟ್ಟಿ ಇತ್ತು. ಹೊಸ ನೂಲಿನ ಲಡಿಗಳನ್ನು ಅದರಲ್ಲಿ ದಿನಗಟ್ಟಲೆ ನೆನೆಹಾಕಿ, ತುಳಿದು, ಆಮೇಲೆ ಗಂಜಿ ಹಾಕಿ ಬೀದಿಯುದ್ದಕ್ಕೂ ಹಾಸು ಎಳೆಯುತ್ತಿದ್ದರು. ಒಂದು ನೂಲು ತೆಗೆದರೆ ಅದೇ ನೀರಿಗೆ ಇನ್ನೊಂದು ಬೀಳುತ್ತಿತ್ತು. ನೀರು ಬತ್ತಿದರೆ ಮೇಲೆ ಎರಡು ಕೊಡ ಸುರಿಯುವುದೇ ಹೊರತು ತೊಟ್ಟಿ ಬರಿದು ಮಾಡುತ್ತಿದ್ದುದು ಅಮಾವಾಸ್ಯೆಯ ದಿನ ಮಾತ್ರ. ಅವತ್ತು ಮಗ್ಗಕ್ಕೆ ರಜೆ, ತೊಟ್ಟಿಗೆ ಸ್ನಾನ. ಉಳಿದ ದಿನಗಳಲ್ಲಿ ಅದು ಬಾಯಿ ತೆರೆದುಕೊಂಡೇ ಇರಬೇಕು. ನೂಲು ಆಕಾಶ ನೋಡಬೇಕು, ಅದಕ್ಕೆ ಮುಸುಕು ಹಾಕಿದರೆ ಮನೆಗೆ ಒಳ್ಳೆಯದಲ್ಲ ಎಂದು ಮುದುಕಿಯರು ಹೇಳುತ್ತಿದ್ದರು. ಮುಸುಕು ಹಾಕುವುದು ಹೆಣಕ್ಕೆ ಅಲ್ಲವೇ...

ಆ ವರ್ಷ ಹರೂರಿನಿಂದ ಒಬ್ಬ ಹೊಸ ವಾದ್ಯಾರು, ಅಂದರೆ ಮೇಷ್ಟ್ರು, ಬಂದರು. ಶಾಲೆಯೆಲ್ಲ ತಮಿಳು, ಅವರೂ ತಮಿಳಿನವರೇ. ತೆಳ್ಳಗಿನ ಮನುಷ್ಯ, ದನಿ ಏರಿಸಿದ್ದು ನಾನು ಕೇಳಲಿಲ್ಲ. ಹಳಬರ ಹಾಗೆ ಸಾಲುಗಟ್ಟಿ ಕೂರಿಸಿ ಕೂಗಿಸುತ್ತಿರಲಿಲ್ಲ. ನಾವು ಏನಾದರೂ ಹೇಳಿದರೆ ಅವರದು ಒಂದೇ ಮಾತು, "ಪಾತ್ತಿಯಾ?" ನೀನು ನೋಡಿದೆಯಾ ಎಂದು. ನೋಡಿಲ್ಲ ಅಂದರೆ, ಹೋಗಿ ನೋಡಿಕೊಂಡು ಬಾ ಎನ್ನುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಎಳೆ ಏಕೆ ಪಟಪಟ ಕಡಿಯುತ್ತದೆ, ಬೆಳಿಗ್ಗೆ ಏಕೆ ಕಡಿಯುವುದಿಲ್ಲ? ನಿಮ್ಮ ಮನೆಯಲ್ಲಿ ಕೇಳಿ, ಮಗ್ಗದ ಹತ್ತಿರ ಕೂತು ನೋಡಿ ಅಂದರು.

ಬೀದಿಯವರಿಗೆ ತಲೆಕೆಟ್ಟುಹೋಯಿತು. ಅಕ್ಷರ ಕಲಿಯಲೆಂದು ಕಳಿಸಿದರೆ ಮಕ್ಕಳು ವಾಪಸು ಬಂದು ಅಪ್ಪನ ಮಗ್ಗದ ಗುಂಡಿಯಲ್ಲಿ ಇಣುಕುತ್ತವೆ. ಇವನಿಗೇನು ಪಾಠ ಬರುವುದಿಲ್ಲವೇ ಎಂದು ಗೊಣಗಿದರು. ಎಲ್ಲರ ಪರವಾಗಿ ಜಗಳಕ್ಕೆ ಹೊರಟವಳು ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಲೆಯ ಬಾಗಿಲಲ್ಲಿ ನಿಂತಳು. ವಾದ್ಯಾರು ಎದ್ದು ನಿಂತು ಎಲ್ಲ ಕೇಳಿಸಿಕೊಂಡು, ಗಂಜಿಗೆ ಮುಂಚೆ ನೂಲನ್ನು ಅಷ್ಟು ದಿನ ನೆನೆಸುವುದೇಕೆ ಅಮ್ಮಾ ಎಂದು ಕೇಳಿದರು. ಅತ್ತೆ ಹುಟ್ಟಿದಂದಿನಿಂದ ನೆನೆಸಿದ್ದಾಳೆ, ಏಕೆಂದು ಯಾರು ಕೇಳಿದ್ದರು? "ಅದು ಅಂಗೇ," ಅಂದುಬಿಟ್ಟಳು. ಒಳಗಿನಿಂದ ಅವಳ ಮಗಳೇ, "ಪಾತ್ತಿಯಾ ಅವ್ವಾ?" ಎಂದು ಕೂಗಿದಳು. ಇಡೀ ಶಾಲೆ ನಕ್ಕಿತು. ಅತ್ತೆಯೂ ನಕ್ಕಳು.

ಮಾರನೆಯ ದಿನ ಅವಳು ಒಂದು ಲಡಿಯನ್ನು ನೆನೆಸದೆ ಹಾಗೇ ಗಂಜಿಗೆ ಅದ್ದಿದಳು. ಗಂಜಿ ಎಣ್ಣೆಯ ಮೇಲಿನ ನೀರಿನಂತೆ ಜಾರಿಹೋಯಿತು. ಆ ಲಡಿಯನ್ನು ಹಿಡಿದುಕೊಂಡು ಶಾಲೆಗೇ ಬಂದಳು. "ನೋಡುದ್ನಪ್ಪಾ, ನೋಡ್ದೆ. ಇಡಿಯಲ್ಲ ಇದು ಗಂಜೀನ," ಅಂದಳು, ಜಾತ್ರೆಯಲ್ಲಿ ಬಹುಮಾನ ಗೆದ್ದವಳ ಮುಖ ಮಾಡಿಕೊಂಡು. ಅಂದಿನಿಂದ ಅವಳು ವಾದ್ಯಾರ ಕಡೆಯವಳು. ಅವಳು ಆ ಕಡೆ ಸೇರಿದ ಮೇಲೆ ಬೀದಿಯೂ ಸೇರಿತು. ನಮ್ಮಪ್ಪ ಮಗ್ಗ ನಿಲ್ಲಿಸಿ ಮಕ್ಕಳಿಗೆ ಎಳೆ ಮುಟ್ಟಿ ನೋಡಲು ಬಿಟ್ಟರು. ಬಣ್ಣ ಹಾಕುವ ಮನೆಯ ತಾತ, ಯಾರನ್ನೂ ಹೊಸ್ತಿಲು ದಾಟಿಸದವರು, ನಮ್ಮನ್ನು ಬಣ್ಣದ ಹಂಡೆಯ ಸುತ್ತ ಕೂರಿಸಿಕೊಂಡರು. ತಾಯಂದಿರು ಗೊಣಗುತ್ತಲೇ ಗಡಿಗೆ, ಕುಡಿಕೆ, ಹರಕು ಬಟ್ಟೆ ಕೊಟ್ಟರು. ಆ ಕೆಲವು ತಿಂಗಳು ನಮ್ಮ ಬೀದಿಯೇ ಶಾಲೆಯಾಗಿತ್ತು. ನನ್ನ ಬಾಳಿನಲ್ಲಿ ಅಂಥ ದಿನಗಳು ಮತ್ತೆ ಬರಲಿಲ್ಲ.

ಮಳೆ ಹಿಡಿಯಿತು. ಏರ್ಕಾಡು ಬೆಟ್ಟ ಮೋಡದಲ್ಲಿ ಮುಳುಗಿತು. ಬೀದಿಯಲ್ಲಿ ವರ್ಷವೂ ಬರುವ ಚಳಿಜ್ವರ ಆ ವರ್ಷವೂ ಬಂತು. ಸೊಳ್ಳೆ ಕಚ್ಚಿದರೆ ಆ ಜ್ವರ ಬರುತ್ತದೆ ಎಂದು ದೊಡ್ಡಾಸ್ಪತ್ರೆಯವರು ಹೇಳಿದ್ದನ್ನು ವಾದ್ಯಾರು ನಮಗೆ ಹೇಳಿದರು. ಸೊಳ್ಳೆಗೆ ನಾವೂ ತಮಿಳಿನವರ ಹಾಗೆ ಕೊಸು ಎಂದೇ ಅನ್ನುತ್ತಿದ್ದೆವು. ಅತ್ತೆಯ ಮಗಳು ಎದ್ದು ನಿಂತು, "ಹಂಗಾರೆ ಕೊಸು ಎಲ್ಲಿಂದ ಬತ್ತೈತೆ?" ಎಂದು ಕೇಳಿದಳು. ತಮಿಳು ಶಾಲೆಯಲ್ಲಿ ಕನ್ನಡದಲ್ಲೇ ಕೇಳಿಬಿಟ್ಟಳು. ವಾದ್ಯಾರಿಗೆ ಅರ್ಥವಾಯಿತು. ಎಲ್ಲಿಂದ ಬರಬಹುದು, ನೋಡೋಣ ಅಂದರು.

ತೊಟ್ಟಿಯ ನೀರನ್ನು ಕುಡಿಕೆಗೆ ತುಂಬಿ ಬಟ್ಟೆ ಕಟ್ಟಿ ಶಾಲೆಯ ಕಿಟಕಿಯಲ್ಲಿಟ್ಟೆವು. ಬಾಲ ಕುಣಿಸುವ ಹುಳ ಗೂನು ಬೆನ್ನಿನದಾಯಿತು. ಒಂದು ಬೆಳಿಗ್ಗೆ ಬಟ್ಟೆಯ ಒಳಗಡೆ ಸೊಳ್ಳೆ ಕೂತಿತ್ತು. ಅತ್ತೆಯ ಮಗಳು ಆ ಕುಡಿಕೆ ಹಿಡಿದು ಮನೆಮನೆಗೂ ಓಡಿದಳು. ನಮ್ಮ ಜ್ವರವನ್ನು ನಾವೇ ಮನೆ ಮುಂದೆ ಸಾಕುತ್ತಿದ್ದೇವೆ ಎಂದು ತಿಳಿದಾಗ ಹೆಂಗಸರ ಮುಖ ಕಪ್ಪಿಟ್ಟಿತು. ತೊಟ್ಟಿಗಳಿಗೆ ಹಳೆಯ ಸೀರೆ ಬಿಗಿದು ಕಟ್ಟೋಣ ಎಂದು ಅವರೇ ತೀರ್ಮಾನಿಸಿದರು. ಮುದುಕಿಯರು ಕೂಗಾಡಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ವಾದ್ಯಾರು ಒಂದು ಮಾತು ಹೇಳಿದರು. ಎಲ್ಲವನ್ನೂ ಮುಚ್ಚಿದರೆ ಮುಚ್ಚಿದ್ದರಿಂದಲೇ ಹುಳ ಹೋಯಿತೆಂದು ಹೇಗೆ ಗೊತ್ತಾಗಬೇಕು, ಮಳೆ ನಿಂತದ್ದರಿಂದಲೂ ಇರಬಹುದಲ್ಲ. ಒಂದು ತೊಟ್ಟಿ ಮಾತ್ರ ಅಮಾವಾಸ್ಯೆಯವರೆಗೆ ತೆರೆದೇ ಇರಲಿ, ಮಕ್ಕಳು ಹೋಲಿಸಿ ನೋಡಲಿ ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಳ ನೋಡಿದ ಮೇಲೆ ಯಾರು ತೆರೆದಿಡುತ್ತಾರೆ?

"ನಮ್ದು ಇರ್ಲಿ ಬುಡಿ," ಅಂದಳು ಅತ್ತೆ. "ನಮ್ಮತ್ತೆ ಎಂಗೂ ಮುಚ್ಚಾಕೆ ಬುಡಲ್ಲ, ನೂಲು ಆಕಾಸ ನೋಡ್ಬೇಕು ಅಂತ ಕುಂತೈತೆ. ಮುದ್ಕಿ ಮಾತೂ ನಡೀತು, ಇಸ್ಕೂಲ್ ಕೆಲ್ಸಾನೂ ಆಯ್ತು. ಪರವಾಯಿಲ್ಲೆ."

ಅವಳು ಅಷ್ಟು ಸಲೀಸಾಗಿ ಹೇಳಿದಳು. ನಾವೆಲ್ಲ ಖುಷಿಯಿಂದ ಕೇಕೆ ಹಾಕಿದೆವು.

ದಿನವೂ ಬೆಳಿಗ್ಗೆ ನಾವು ತೊಟ್ಟಿಯಿಂದ ತೊಟ್ಟಿಗೆ ಹೋಗಿ ಸೀರೆ ಸರಿಸಿ ಇಣುಕುತ್ತಿದ್ದೆವು. ಮುಚ್ಚಿದ ತೊಟ್ಟಿಗಳಲ್ಲಿ ಹುಳ ಕಡಿಮೆಯಾಗುತ್ತ ಬಂದು ಇಲ್ಲವೇ ಇಲ್ಲವಾಯಿತು. ಅತ್ತೆಯ ತೊಟ್ಟಿಯಲ್ಲಿ ಗಿಜಿಗಿಜಿ ಎನ್ನುತ್ತಿದ್ದವು. "ಎಂಗವ್ರೆ ನಮ್ ಮನೆ ನೆಂಟ್ರು?" ಎಂದು ಅತ್ತೆ ಒಳಗಿನಿಂದಲೇ ಕೇಳುತ್ತಿದ್ದಳು. ಚೆನ್ನಾಗವ್ರೆ ಎಂದು ಮಗಳು ಕೂಗಿ ಹೇಳುತ್ತಿದ್ದಳು. ಇನ್ನೇನು ಅಮಾವಾಸ್ಯೆ, ಆಮೇಲೆ ಅದನ್ನೂ ಮುಚ್ಚುವುದು ಎಂದೇ ಎಲ್ಲರೂ ಇದ್ದೆವು.

ಅಮಾವಾಸ್ಯೆಗೆ ಮೊದಲೇ ಮಗಳು ಮಲಗಿದಳು. ಮೊದಲು ನಡುಕ, ಆಮೇಲೆ ಬೆಂಕಿಯಂಥ ಮೈ. ಆಸ್ಪತ್ರೆಯ ಕಹಿ ಮದ್ದು ಕುಡಿಸಿದರು; ವಾದ್ಯಾರು ತಾವೇ ಹೋಗಿ ತರುತ್ತಿದ್ದರು. ನಾನು ಕಿಟಕಿಯಿಂದ ಮಾತಾಡಿಸಲು ಹೋದರೆ ಇವತ್ತು ಹುಳ ನೋಡಿದಿಯಾ ಎಂದು ಕೇಳಿದಳು. ನೋಡಿದೆ ಅಂದೆ. ಇನ್ನೂ ಏನೋ ಕೇಳಬೇಕೆಂದಿದ್ದಳು, ತುಟಿ ಒಣಗಿ ಆಗಲಿಲ್ಲ... ಜ್ವರ ತಲೆಗೇರಿತು. ಬೀದಿಯ ತೊಟ್ಟಿಗಳನ್ನೆಲ್ಲ ತೊಳೆಯುವ ಅಮಾವಾಸ್ಯೆ ಬರುವ ಹೊತ್ತಿಗೆ ಅವಳು ಇರಲಿಲ್ಲ.

ಅವತ್ತು ಅತ್ತೆಯ ತೊಟ್ಟಿಯನ್ನು ಯಾರೂ ತೊಳೆಯಲಿಲ್ಲ.

ನಮ್ಮ ಕುಲದೇವತೆ ಚೌಡಮ್ಮನ ಗುಡಿಯ ಅಂಗಳದಲ್ಲಿ ಬೀದಿಯವರು ಸೇರಿದರು. ಕುಲದ ಯಜಮಾನರು ಎಲ್ಲರಿಗಿಂತ ಮೊದಲು ಮಾತಾಡಿದರು. ನೂಲಿಗೆ ಮುಸುಕು ಹಾಕಿದಿರಿ, ಚೌಡಮ್ಮ ಮುನಿದಳು, ಕೇಳಬಾರದ್ದನ್ನು ಕೇಳಿದ ಬಾಯನ್ನೇ ಮುಚ್ಚಿದಳು. ಸೀರೆಗಳನ್ನೆಲ್ಲ ಕಿತ್ತು ಹಾಕಿ, ಆ ವಾದ್ಯಾರನ್ನು ಊರಿಗೆ ಕಳಿಸಿ ಎಂದರು. ಗಂಡಸರು ತಲೆಯಾಡಿಸಿದರು. ನಮ್ಮಪ್ಪನೂ ತಲೆಯಾಡಿಸಿದರು, ಅದನ್ನು ನೋಡಿ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ವಾದ್ಯಾರು ಕಂಬದ ಪಕ್ಕ ತಲೆ ತಗ್ಗಿಸಿ ನಿಂತಿದ್ದರು.

ಸೂತಕದ ಮನೆಯ ಹೆಂಗಸು ಗುಡಿಯ ಹತ್ತಿರ ಸುಳಿಯಬಾರದು. ಅತ್ತೆ ಬಂದಳು. ಅಂಗಳದ ಹೊರಗೇ ನಿಂತಳು. ಈಗ ಇವಳು ವಾದ್ಯಾರಿಗೆ ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದು ಎಲ್ಲರೂ ಕಾದರು.

"ಸೀರೆ ಕೀಳ್ಬ್ಯಾಡಿ," ಅಂದಳು. "ಮುಚ್ಚಿದ್ ತೊಟ್ಟೀಲಿ ಉಳ ಇಲ್ಲ. ನನ್ ಮಗ್ಳು ನೋಡವ್ಳೆ. ಸತ್ತೋದ್ಲು ಅಂತ ಅವ್ಳು ನೋಡಿದ್ದು ಸುಳ್ಳಾಗ್ತೈತಾ? ಮುಚ್ದೇ ಇದ್ದುದ್ದು ನಂದೊಂದೆ. ಅಮ್ಮ ಮುನಿದಿದ್ರೆ ಮುಚ್ಚಿದೋರ್ ಮೇಲೆ ಮುನೀಬೇಕಾಗಿತ್ತು, ನನ್ ಮೇಲ್ ಯಾಕೆ?"

ಅವಳು ಮನೆಗೆ ಹೋಗಿ, ಮಗಳು ಉಡುತ್ತಿದ್ದ ಹಸಿರು ಪಾವಡೆಯ ಹೊಲಿಗೆ ಬಿಚ್ಚಿ ತೊಟ್ಟಿಯ ಮೇಲೆ ಹಾಸಿ ಸುತ್ತ ಕಲ್ಲಿಟ್ಟಳು. ಅವಳ ಅತ್ತೆ ಮುದುಕಿ ಜಗಲಿಯಲ್ಲಿ ಕೂತು ನೋಡುತ್ತಿದ್ದಳು, ಬೇಡ ಅನ್ನಲಿಲ್ಲ.

ಬೀದಿಯ ಸೀರೆಗಳು ಉಳಿದವು. ವಾದ್ಯಾರು ಉಳಿಯಲಿಲ್ಲ. ಯಾರೂ ಓಡಿಸಲಿಲ್ಲ, ತಾವಾಗಿಯೇ ಹೋದರು. ಒಂದು ಬೆಳಿಗ್ಗೆ ಶಾಲೆಗೆ ಬೀಗ. ಹರೂರಿಗೆ ಹೊರಟ ಬಂಡಿಯಲ್ಲಿ ಕೂತಿದ್ದನ್ನು ಕಂಡೆವೆಂದು ಯಾರೋ ಹೇಳಿದರು. ಆಮೇಲೆ ಬಂದವರು ಬೆತ್ತ ತಂದರು. ನಾವು ಮತ್ತೆ ಸಾಲುಗಟ್ಟಿ ಕೂತು ಕೂಗಿದೆವು. ಕಿಟಕಿಯಲ್ಲಿದ್ದ ಕುಡಿಕೆಗಳನ್ನು ಹೊಸಬರು ಬೇಲಿಯಾಚೆ ಎಸೆಯಿಸಿದರು. ಏನಾದರೂ ಕೇಳುವ ಆಸೆ ನನಗೂ ಹೋಯಿತು. ಕೇಳಿದವಳು ಏನಾದಳೆಂದು ಕಂಡಿದ್ದೆನಲ್ಲ.

ಅತ್ತೆ ನಮ್ಮೊಂದಿಗೆ ಮಾತು ಬಿಟ್ಟಳು. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ನಾನು ಬೆಳೆಯುತ್ತಿದ್ದುದನ್ನು ನೋಡುವುದು ಅವಳಿಗೆ ಕಷ್ಟವಾಗಿರಬೇಕು, ಇದು ನನಗೆ ಆಗ ತಿಳಿಯಲಿಲ್ಲ, ಬರೀ ದುಃಖವಾಗುತ್ತಿತ್ತು. ಆದರೆ ದಿನವೂ ಬೆಳಿಗ್ಗೆ ನಾವು ನೋಡುತ್ತಿದ್ದ ಹೊತ್ತಿಗೇ ಅವಳು ಪಾವಡೆಯ ಅಂಚು ಎತ್ತಿ ನೀರಿನೊಳಗೆ ನೋಡುತ್ತಿದ್ದಳು. ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ ಮುಚ್ಚಿ ಒಳಗೆ ಹೋಗುತ್ತಿದ್ದಳು. ಪಾವಡೆ ಬಿಸಿಲಿಗೆ ಬಿಳಿಚಿ, ನೂಲು ನೂಲಾಗುವವರೆಗೂ ಹೀಗೇ ನಡೆಯಿತು.

ಧರ್ಮಪುರಿಗೆ ನನ್ನನ್ನು ಮದುವೆ ಮಾಡಿಕೊಟ್ಟರು. ಹೊರಡುವ ಬೆಳಿಗ್ಗೆ ಹೇಳಿ ಹೋಗಲು ಅತ್ತೆಯ ಮನೆಗೆ ಹೋದೆ. ಅವಳು ತೊಟ್ಟಿಯ ಹತ್ತಿರವೇ ಇದ್ದಳು. ಕುಂಕುಮ ಇಟ್ಟಳು. ಇಟ್ಟ ಕೈಯನ್ನು ಕೆನ್ನೆಯ ಮೇಲೆ ಹಾಗೇ ಬಿಟ್ಟು, ಅಷ್ಟು ವರ್ಷಗಳ ಮೇಲೆ ಮೊದಲ ಸಲ ಮಾತಾಡಿದಳು.

"ಒಂದ್ ಕೇಳ್ತೀನಿ, ಏಳ್ತೀಯಾ? ಕೊಸು ಎಷ್ಟು ದೂರ ಆರ್ತೈತೆ? ಆಚೆ ಬೀದಿ ಕೊಸು ನಮ್ಮನೆಗೆ ಬರಾಕಾಗಲ್ವಾ? ನಮ್ ತೊಟ್ಟಿದೇ ಆಗ್ಬೇಕು ಅಂತ ಏನೈತೆ?"

ಅವಳು ದಿನವೂ ಆ ನೀರಿನಲ್ಲಿ ಏನನ್ನು ಹುಡುಕುತ್ತಿದ್ದಳೆಂದು ನನಗೆ ಆಗ ಅರ್ಥವಾಯಿತು. "ಬತ್ತೈತೆ ಅತ್ತೆ. ಆಚೆ ಬೀದಿಯಿಂದ್ಲೇ ಬಂದಿರ್ತೈತೆ," ಎಂದು ಗಟ್ಟಿಯಾಗಿ ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಪಾತ್ತಿಯಾ?" ಅಂದಳು.

ನಾನು ತಲೆ ತಗ್ಗಿಸಿದೆ. ಅವಳು ತೊಟ್ಟಿಯ ಬಟ್ಟೆ ಸರಿಮಾಡಿದಳು, ಗಾಡಿಗೆ ಹೊತ್ತಾಯಿತು ಹೋಗು ಅಂದಳು. ಮತ್ತೆ ನಾನು ತವರಿಗೆ ಹೋದಾಗ ಆ ಮನೆಯಲ್ಲಿ ಬೇರೆ ಯಾರೋ ಇದ್ದರು.

ಬಕೆಟ್ಟಿನ ನೀರನ್ನು ಚೆಲ್ಲಿದೆ. ದುಪ್ಪಟಿ ಹಿಂಡಿ ತಂತಿಯ ಮೇಲೆ ಹಾಕಿದೆ. ಒದ್ದೆ ನೆಲದ ಮೇಲೆ ಹುಳಗಳು ಸ್ವಲ್ಪ ಹೊತ್ತು ಬಾಲ ಕುಣಿಸಿ ಸುಮ್ಮನಾದವು. ಕಟ್ಟೆಯ ಮೇಲೆ ಕೂತೆ. ಅತ್ತೆ ಇಲ್ಲ, ಅವಳ ಮಗಳು ಇಲ್ಲ, ಆ ವಾದ್ಯಾರೂ ಎಂದೋ ಹೋಗಿರುತ್ತಾರೆ. ಸೊಳ್ಳೆ ಎಷ್ಟು ದೂರ ಹಾರುತ್ತದೆಂದು ಇಷ್ಟು ವರ್ಷಗಳಲ್ಲಿ ಯಾರನ್ನಾದರೂ ಕೇಳಬಹುದಾಗಿತ್ತು. ನಾನು ಕೇಳಲಿಲ್ಲ. ಅಷ್ಟು ದೂರ ಹಾರುವುದಿಲ್ಲ ಎಂದುಬಿಟ್ಟರೆ ಎಂಬ ಹೆದರಿಕೆ ನನಗೆ ಇನ್ನೂ ಇದೆ.