ದಫಿನಾ ಬರೆದುಕೊಟ್ಟ ಸಾಲು

ದಾನೂಬ್ ನದಿ ದಡದ ರೂಸೆ ಊರಿನಲ್ಲಿ ಯಾರೇ ಸತ್ತರೂ ಆ ಸುದ್ದಿ ಮೊದಲು ಮಿನ್ಕಾಳ ಕೈಗೆ ಬರುತ್ತಿತ್ತು. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ನಿಂತು ಸಾವಿನ ಹಾಳೆಗಳಿಗೆ ಅಚ್ಚಿನ ಮೊಳೆ ಜೋಡಿಸುವುದು ಅವಳ ಕೆಲಸ. ಮೇಲೆ ಫೋಟೋ, ಕೆಳಗೆ ಹೆಸರು, ವಯಸ್ಸು, ಮನೆಯವರ ನಾಲ್ಕು ಮಾತು. ಸತ್ತ ದಿನಕ್ಕೊಂದು ಹಾಳೆ, ನಲವತ್ತನೇ ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು. ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬೀದಿಯ ಮರಕ್ಕೆ ಅಂಟಿಸುತ್ತಾರೆ. ಅಂಟಿಸಿದ್ದನ್ನು ಮನುಷ್ಯರ ಕೈ ಕೀಳಬಾರದು. ಮಳೆ ಬಿಸಿಲು ಕೀಳಬೇಕು. ಆ ದಾರಿಯಲ್ಲಿ ಹೋಗುವವರು ಗುರುತಿನವರಾಗಲಿ ಬಿಡಲಿ, ಒಂದು ಗಳಿಗೆ ನಿಂತು ಓದಿಯೇ ಹೋಗುತ್ತಾರೆ.

ಇಪ್ಪತ್ತೆರಡು ವರ್ಷದಲ್ಲಿ ಮಿನ್ಕಾ ಒಂದು ಹೆಸರನ್ನೂ ತಪ್ಪು ಜೋಡಿಸಿರಲಿಲ್ಲ. ತನ್ನ ಗಂಡನ ಹಾಳೆಯನ್ನೂ ಅವಳೇ ಜೋಡಿಸಿದ್ದಳು. ಅಂದು ಅತ್ತಿದ್ದು ಕೆಲಸ ಮುಗಿದ ಮೇಲೆ.

ಆ ವರ್ಷಗಳಲ್ಲಿ ಆಚೆ ದಡದ ಕಾರ್ಖಾನೆಯಿಂದ ವಾರಕ್ಕೆರಡು ಸಲ ಹಳದಿ ಮೋಡ ನದಿ ದಾಟಿ ಬರುತ್ತಿತ್ತು. ಬ್ಲೀಚಿಂಗ್ ಪುಡಿಯ ಘಾಟು. ಕಣ್ಣು ಉರಿ, ಗಂಟಲು ಉರಿ. ಹೆಂಗಸರು ಒದ್ದೆ ಕರವಸ್ತ್ರವನ್ನು ಮಕ್ಕಳ ಮೂಗಿಗೆ ಹಿಡಿದು ಓಡುತ್ತಿದ್ದರು. ರೇಡಿಯೋದಲ್ಲಿ ಮಾತ್ರ ಹವೆ ಸದಾ ನಿರ್ಮಲ. ಮೋಡ ಬಂದಿದೆ ಎಂದು ಜೋರಾಗಿ ಹೇಳಿದವರನ್ನು ಕಚೇರಿಗೆ ಕರೆಸಿ, "ನಿಮಗೆ ಮಾತ್ರ ಹೇಗೆ ಕಾಣಿಸ್ತು?" ಎಂದು ಕೇಳುತ್ತಿದ್ದರು. ಇಡೀ ಊರೇ ಕೆಮ್ಮುತ್ತಿತ್ತು, ಆದರೆ ಯಾಕೆ ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ.

ಮಿನ್ಕಾಳ ಕೆಳಗಿನ ಮಹಡಿಯಲ್ಲಿ ದಫಿನಾ ಇದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ, ಗಂಡ ಬಿಟ್ಟುಹೋದವಳು. ಅವಳಿಗೆ ಇದ್ದವನೊಬ್ಬನೇ, ಆರು ವರ್ಷದ ಮಿತ್ಕೊ. ಭಾನುವಾರ ಮಿನ್ಕಾ ಒಲೆಯಲ್ಲಿ ಸುಡುವ ಬನಿತ್ಸಾ ರೊಟ್ಟಿಯ ಚೀಸ್ ಕರಗುವ ವಾಸನೆ ಬಂದರೆ ಸಾಕು, ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸುತ್ತಿತ್ತು. "ಅತ್ತೇ, ಸುಟ್ಟಿರೋ ಮೂಲೆ ನಂಗೇ ಬೇಕು" ಎನ್ನುತ್ತಿದ್ದ. ಒಂದು ಶರತ್ಕಾಲದಲ್ಲಿ ಮೋಡ ಮೂರು ದಿನ ಊರ ಮೇಲಿಂದ ಕದಲಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಿತ್ಕೊ ತೀರಿಕೊಂಡ.

ಮರುದಿನ ದಫಿನಾ ಮುದ್ರಣಾಲಯಕ್ಕೆ ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಪೆನ್ಸಿಲ್‌ನಲ್ಲಿ ಬರೆದ ಚೀಟಿ ಕೊಟ್ಟಳು. ಹೆಸರು, ವಯಸ್ಸು, ಅದರ ಕೆಳಗೆ ಒಂದೇ ಸಾಲು: ಇವನನ್ನು ಈ ಊರಿನ ಗಾಳಿ ಕೊಂದಿತು.

"ಇದನ್ನೂ ಹಾಕ್ತೀಯಲ್ಲ, ಮಿನ್ಕಾ?"

"ಹಾಕ್ದೆ ಇರ್ತೀನೇನೇ? ನೀನು ಮನೆಗೆ ಹೋಗು. ಮಣ್ಣಿನ ದಿನ ಹಂಚೋ ಗೋಧಿ ಬೇಯಿಸೋಕೆ ಯಾರಾದ್ರೂ ಇದಾರಾ? ಸಂಜೆ ನಾನೇ ಬರ್ತೀನಿ."

ಮಿನ್ಕಾ ಸಾಲನ್ನು ಜೋಡಿಸಿದಳು. ಅದಂತೂ ನಿಜ. ಆಮೇಲೆ ಆ ಮೊಳೆಗಳನ್ನೇ ನೋಡುತ್ತ ನಿಂತಳು. ಮಗಳು ಎಲ್ಕಾ ಎಂಟು ತಿಂಗಳ ಬಸುರಿ. ಅವಳೂ ಗಂಡನೂ ಅತ್ತೆಮನೆಯ ಅಡುಗೆಕೋಣೆಯಲ್ಲಿ ಮಲಗುತ್ತಿದ್ದರು. ಒಂಬತ್ತು ವರ್ಷ ಕಾದ ಮೇಲೆ ಸರ್ಕಾರಿ ಮನೆಯ ಪಟ್ಟಿಯಲ್ಲಿ ಅವರ ಹೆಸರು ಮೇಲಕ್ಕೆ ಬಂದಿತ್ತು, ಇನ್ನೊಂದು ಸಹಿಯಷ್ಟೇ ಬಾಕಿ. ಪ್ರತಿ ಹಾಳೆಯ ಕರಡನ್ನು ಮೇಸ್ತ್ರಿ ಗಾಂಚೊ ನೋಡಿ ಸಹಿ ಹಾಕಬೇಕು. ಗಾಂಚೊ ಆಳುವ ಪಕ್ಷದ ಮನುಷ್ಯ. ಈ ಸಾಲು ಅವನ ಕಣ್ಣಿಗೆ ಬಿದ್ದರೆ ತನ್ನ ಕೆಲಸದ ಜೊತೆ ಮಗಳ ಮನೆಯೂ ಹೋದಂತೆ. ಮಿನ್ಕಾ ಚಿಮಟ ತೆಗೆದುಕೊಂಡಳು. ಒಂದೊಂದೇ ಮೊಳೆ ಎತ್ತಿ ಅದರದರ ಗೂಡಿಗೆ ಹಾಕಿದಳು. ಖಾಲಿಯಾದ ಜಾಗದಲ್ಲಿ ಸಣ್ಣದೊಂದು ಹೂವಿನ ಅಚ್ಚು ಇಟ್ಟಳು.

ಮಣ್ಣು ಮಾಡಿದ ದಿನ ಸಂಜೆ ಸಕ್ಕರೆ ಬೆರೆಸಿದ ಗೋಧಿ ಹಂಚುತ್ತಿರುವಾಗ ದಫಿನಾ ಅವಳನ್ನು ಪಕ್ಕಕ್ಕೆ ಕರೆದಳು.

"ಸಾಲೆಲ್ಲಿ?"

ನಿಜ ಹೇಳಲು ಸಿದ್ಧವಾಗಿಯೇ ಬಂದಿದ್ದಳು ಮಿನ್ಕಾ. ಬಾಯಿಗೆ ಬಂದದ್ದು ಮಾತ್ರ ಬೇರೆ.

"ನಾನು ಜೋಡಿಸಿದ್ದೆ ಕಣೇ, ದೇವರಾಣೆ. ಗಾಂಚೊ ತೆಗೆಸ್ಬಿಟ್ಟ."

ದಫಿನಾ ಅವಳನ್ನು ಅಪ್ಪಿಕೊಂಡಳು. "ನಿನ್ನ ತಪ್ಪೇನಿದೆ ಬಿಡು" ಎಂದಳು. ಮಿನ್ಕಾ ಗೋಧಿಯ ತಟ್ಟೆ ಎತ್ತಿಕೊಂಡು ಹಂಚಲು ಹೋದಳು.

ಅಂದಿನಿಂದ ದಫಿನಾ ಬೇರೆಯೇ ಹೆಂಗಸಾದಳು. ದುಃಖ ಅವಳನ್ನು ಮೂಲೆಯಲ್ಲಿ ಕೂರಿಸಿಬಿಡುತ್ತಿತ್ತೇನೋ, ಎಬ್ಬಿಸಿದ್ದು ಸಿಟ್ಟು. "ನನ್ನ ಮಗನ ಸಾವನ್ನೂ ಬಿಡ್ಲಿಲ್ಲವಲ್ಲ, ಅದರಲ್ಲೂ ಕತ್ತರಿ ಹಾಕಿದ್ರಲ್ಲ" ಎಂದು ಕಂಡವರಿಗೆಲ್ಲ ಹೇಳಿದಳು. ಬ್ರೆಡ್ಡಿನ ಸಾಲಿನಲ್ಲಿ ನಿಂತಿದ್ದ ಗಾಂಚೊನ ಮುಖಕ್ಕೆ, ಕಾರಣ ಹೇಳದೆ, ಎಲ್ಲರೆದುರು ಉಗಿದಳು. ಆಮೇಲೆ ಪೆನ್ಸಿಲ್ ಹಿಡಿದು ಬೀದಿಗಿಳಿದಳು. ಮಿತ್ಕೊನ ಹಾಳೆ ಎಲ್ಲೆಲ್ಲಿ ಅಂಟಿಸಿತ್ತೋ ಅಲ್ಲೆಲ್ಲ, ಹೂವಿನ ಕೆಳಗೆ, ಆ ಸಾಲನ್ನು ಕೈಯಾರೆ ಬರೆದಳು.

ಪೊಲೀಸರು ಬಂದರು, ನೋಡಿದರು, ತಲೆ ಕೆರೆದುಕೊಂಡರು. ಗೋಡೆಬರಹವಾಗಿದ್ದರೆ ಸುಣ್ಣ ಬಳಿದುಬಿಡಬಹುದಿತ್ತು. ಸತ್ತ ಮಗುವಿನ ಫೋಟೋ ಇರುವ ಹಾಳೆಗೆ ಕೈ ಹಾಕುವುದು ಯಾರು? ಒಬ್ಬ ಯುವ ಪೊಲೀಸ ಬಸ್ ನಿಲ್ದಾಣದ ಹಾಳೆಗೆ ಉಗುರು ಹಾಕಿದ್ದನಂತೆ. ಪಕ್ಕದಲ್ಲಿದ್ದ ಮುದುಕಿ, "ಕೀಳಪ್ಪಾ ಕೀಳು. ನಿಂದನ್ನೂ ಹಿಂಗೇ ಯಾರಾದ್ರೂ ಕಿತ್ತಾರು" ಎಂದಳಂತೆ. ಅವನು ಕೈ ಜೇಬಿಗೆ ಹಾಕಿಕೊಂಡು ನಡೆದ.

ಐದು ಜನ ಬೀದಿಯಲ್ಲಿ ಗುಂಪು ಕೂಡಿದರೆ ಆ ಕಾಲದಲ್ಲಿ ತಪ್ಪು. ಐದು ಜನ ಸಾವಿನ ಹಾಳೆ ಓದುತ್ತ ನಿಂತರೆ ಅದು ಸಂಪ್ರದಾಯ. ಜನ ಓದಲು ನಿಂತರು, ನಿಂತವರು ಪಕ್ಕದವರ ಮುಖ ನೋಡಿದರು, "ನಿಮ್ಮನೇಲೂ ಕೆಮ್ಮಾ?" ಎಂದು ಕೇಳಿದರು. ಮೋಡವನ್ನು ಕಂಡವರು ತಾವೊಬ್ಬರೇ ಅಲ್ಲ ಎಂದು ಊರಿಗೆ ತಿಳಿದದ್ದು ಹಾಗೆ. ತಿಂಗಳೊಳಗೆ ಬೇರೆಯವರ ಹಾಳೆಗಳ ಕೆಳಗೂ ಅದೇ ಸಾಲು ಕಾಣಿಸಿಕೊಂಡಿತು, ಬೇರೆ ಬೇರೆ ಕೈಬರಹದಲ್ಲಿ. ಎಂಬತ್ತೆಂಟು ವರ್ಷಕ್ಕೆ ಮಂಚದಿಂದ ಬಿದ್ದು ಸತ್ತ ಮುದುಕನ ಹಾಳೆಗೂ ಯಾರೋ ಬರೆದಿದ್ದರು. ಊರು ಅದನ್ನು ಓದಿ ನಕ್ಕಿತು, ಆದರೆ ಅಳಿಸಲಿಲ್ಲ.

ಆ ಫೆಬ್ರವರಿಯಲ್ಲಿ ಕೂಸಿನ ಗಾಡಿಗಳನ್ನು ತಳ್ಳಿಕೊಂಡು ಏಳು ಹೆಂಗಸರು ಪಕ್ಷದ ಕಚೇರಿಯತ್ತ ಹೊರಟರು. ಅಲ್ಲಿ ತಲುಪುವಾಗ ನಾನೂರು ಜನ. ಮುಂದಿನ ವಾರ ಎರಡು ಸಾವಿರ. ಮಿನ್ಕಾ ಮುದ್ರಣಾಲಯದ ಕಿಟಕಿಯ ಪರದೆ ಸರಿಸಿ ನೋಡಿದಳು. ಮುಂದಿನ ಸಾಲಿನಲ್ಲಿ ದಫಿನಾ ಒಂದು ನೀಲಿ ಗಾಡಿ ತಳ್ಳುತ್ತಿದ್ದಳು. ಆ ಗಾಡಿಯ ಗುರುತು ಮಿನ್ಕಾಳಿಗಿತ್ತು. ಮೊಮ್ಮಗುವಿಗೆಂದು ಕೊಂಡು ತಂದದ್ದು ಅವಳೇ. ಪಕ್ಕದಲ್ಲಿ ಎಲ್ಕಾ ನಡೆಯುತ್ತಿದ್ದಳು.

"ಹುಚ್ಚು ಹಿಡ್ದಿದೆಯೇನೇ ನಿಂಗೆ? ಮನೆಗೆ ಇನ್ನೊಂದು ಸಹಿ ಬಾಕಿ ಇತ್ತಲ್ಲೇ!" ಎಂದು ಸಂಜೆ ಮಗಳ ಮೇಲೆ ಹಾರಾಡಿದಳು.

"ಮನೆ ತಗೊಂಡು ಏನ್ಮಾಡ್ಲಮ್ಮ? ಇದಕ್ಕೆ ಉಸಿರಾಡೋಕೆ ಗಾಳಿ ಬೇಡ್ವಾ?" ಎಂದಳು ಎಲ್ಕಾ, ಮಗುವಿನ ಬೆನ್ನು ತಟ್ಟುತ್ತ.

ಪಟ್ಟಿಯಿಂದ ಅವರ ಹೆಸರು ಹೋಯಿತು. ದಫಿನಾಳ ಕೆಲಸವೂ ಹೋಯಿತು. ಎರಡು ಚಳಿಗಾಲ ಬೀದಿ ಗುಡಿಸಿದಳು. ಅಷ್ಟರಲ್ಲಿ ರಾಜಧಾನಿಯಿಂದ ಪ್ರೊಫೆಸರರು ಬಂದರು, ಕಲಾವಿದರು ಬಂದರು, ಸಮಿತಿ ಆಯಿತು. ಗೆದ್ದೆತ್ತಿನ ಬಾಲ ಹಿಡಿಯಲು ಜನಕ್ಕೆ ಎಲ್ಲಿಯೂ ಬರವಿಲ್ಲ. ಸರ್ಕಾರ ಬಿತ್ತು, ಕೊನೆಗೊಂದು ದಿನ ಮೋಡವೂ ನಿಂತಿತು. ವೇದಿಕೆ ಹತ್ತಿದವರು ದಫಿನಾಳ ಹೆಸರೆತ್ತಲಿಲ್ಲ, ಅವಳಿಗೂ ಅದು ಬೇಕಿರಲಿಲ್ಲ. ಅವಳು ಭಾನುವಾರ ಮಿನ್ಕಾಳ ಮನೆಗೆ ಬಂದು ಬನಿತ್ಸಾದ ಸುಟ್ಟ ಮೂಲೆ ತಿನ್ನುತ್ತಿದ್ದಳು. ಹೇಳಿಬಿಡಬೇಕು ಎಂದು ಪ್ರತಿ ಭಾನುವಾರವೂ ಮಿನ್ಕಾ ಅಂದುಕೊಳ್ಳುತ್ತಿದ್ದಳು. ಪ್ರತಿ ಭಾನುವಾರವೂ ಇನ್ನೊಂದು ತುಂಡು ಬಡಿಸುತ್ತಿದ್ದಳು.

ಗಾಂಚೊ ನಿವೃತ್ತನಾದ ದಿನ ಎರಡು ಲೋಟ ರಕಿಯಾ ಸಾರಾಯಿ ಕುಡಿದು ಅವಳ ಪಕ್ಕ ಬಂದು ಕೂತ.

"ಮಿನ್ಕಾ, ಒಂದು ಮಾತು ಕೇಳ್ಲಾ? ಆ ದಫಿನಾ ನನ್ನ ಮುಖಕ್ಕೆ ಯಾಕೆ ಉಗಿದ್ಳು? ಇವತ್ತಿಗೂ ಗೊತ್ತಾಗ್ಲಿಲ್ಲ ಕಣಮ್ಮ."

"ನಂಗೇನು ಗೊತ್ತಣ್ಣ? ಕರಡು ನೋಡ್ತಿದ್ದೋನು ನೀನಲ್ವಾ?"

"ನಾನಾ?" ಗಾಂಚೊ ದನಿ ತಗ್ಗಿಸಿದ. "ಮಸಿ ಒಣಗ್ದೇ ಇರೋ ಸಾವಿನ ಹಾಳೆ ಓದಿದ್ರೆ ಸಾವು ಓದಿದವನ ಮನೆ ಹುಡ್ಕೊಂಡು ಬರುತ್ತೆ ಅಂತಿದ್ಳು ನಮ್ಮಮ್ಮ. ಹದಿನೆಂಟು ವರ್ಷ ಕಣ್ಣು ಮುಚ್ಚಿಕೊಂಡೇ ಸಹಿ ಹಾಕಿದೀನಿ. ಒಂದನ್ನೂ ಓದಿಲ್ಲ. ಪಕ್ಷದೋರಿಗೆ ಹೇಳ್ಬೇಡಮ್ಮ ಮತ್ತೆ!" ಎಂದು ತಾನೇ ನಕ್ಕ. ಪಕ್ಷ ಬಿದ್ದು ಆಗಲೇ ಮೂರು ವರ್ಷವಾಗಿತ್ತು.

ಮಿನ್ಕಾ ನಗಲಿಲ್ಲ. ಅಂದು ಆ ಸಾಲನ್ನು ಹಾಗೇ ಬಿಟ್ಟಿದ್ದರೆ ಅದು ಅಚ್ಚಾಗಿಯೇ ಹೊರಗೆ ಹೋಗುತ್ತಿತ್ತು. ಅವಳು ಹೆದರಿದ್ದು ಮುಚ್ಚಿದ ಕಣ್ಣುಗಳಿಗೆ.

ದಫಿನಾ ಒಂದು ಚಳಿಗಾಲದಲ್ಲಿ, ಐವತ್ತಕ್ಕೆ ಮೊದಲೇ, ಎದೆಯ ಕಾಯಿಲೆಯಿಂದ ಹೋದಳು. ಅವಳ ತಮ್ಮ ಚೀಟಿ ಹಿಡಿದು ಮುದ್ರಣಾಲಯಕ್ಕೆ ಬಂದ. ಅದೇ ಪೆನ್ಸಿಲ್ ಬರಹ, ಸ್ವಲ್ಪ ನಡುಗಿತ್ತು. ಹೆಸರು, ವಯಸ್ಸು, ಕೆಳಗೆ: ನನ್ನನ್ನೂ ಈ ಊರಿನ ಗಾಳಿ ಕೊಂದಿತು.

"ಮಿನ್ಕಕ್ಕನ ಕೈಲೇ ಜೋಡಿಸ್ಬೇಕು ಅಂತ ಹೇಳಿದ್ಳು" ಎಂದ ಅವನು. "ಊರಲ್ಲೆಲ್ಲ ಆ ಸಾಲು ಮೊದ್ಲು ಅಚ್ಚಿನಲ್ಲಿ ಜೋಡಿಸಿದ ಧೈರ್ಯವಂತೆ ನೀವೊಬ್ರೇ ಅಂತ ಯಾವಾಗ್ಲೂ ಹೇಳ್ತಿದ್ಳು. ನಿಮ್ಮನ್ನ ನೋಡಿಯೇ ತನಗೂ ಧೈರ್ಯ ಬಂತಂತೆ."

ಮಿನ್ಕಾ ಚೀಟಿ ತೆಗೆದುಕೊಂಡಳು. ಗೂಡುಗಳಿಂದ ಒಂದೊಂದೇ ಮೊಳೆ ಎತ್ತಿ ಜೋಡಿಸಿದಳು. ಈ ಸಲ ಸಹಿ ಕೇಳುವವರಿರಲಿಲ್ಲ, ತಡೆಯುವವರಿರಲಿಲ್ಲ. ಆ ಸಾಲಿಗೆ ಈಗ ಯಾರೂ ಬೆಲೆ ತೆರಬೇಕಾಗಿರಲಿಲ್ಲ. ಅದು ನೆನಪಾಗಿ ಅವಳಿಗೆ ಅಳು ಬಂತು. ಈ ಸಲ ಕೆಲಸ ಮುಗಿಯುವವರೆಗೆ ತಡೆಯಲು ಆಗಲಿಲ್ಲ.

ಹಾಳೆಗಳನ್ನು ತಾನೇ ಅಂಟಿಸುತ್ತೇನೆಂದು ಒಯ್ದಳು. ಮೊದಲನೆಯದು ತಮ್ಮದೇ ಕಟ್ಟಡದ ಬಾಗಿಲಿಗೆ. ಅಂಗೈಯಿಂದ ಒತ್ತಿ ಸರಿಮಾಡಿ, ಚೀಲದಿಂದ ಪೆನ್ಸಿಲ್ ತೆಗೆದಳು. ಫೋಟೋದಲ್ಲಿದ್ದ ದಫಿನಾಳನ್ನು ನೋಡಿ, "ಕ್ಷಮಿಸು ಅಂತ ಕೇಳೋಕೂ ತಡ ಮಾಡ್ಬಿಟ್ಟೆ ಕಣೇ" ಎಂದಳು. ಆಮೇಲೆ ಅಚ್ಚಿನ ಸಾಲಿನ ಕೆಳಗೆ ಬರೆದಳು: ಮಿತ್ಕೊನ ಹಾಳೆಯಿಂದ ಈ ಸಾಲನ್ನು ತೆಗೆದವಳು ನಾನು. ಯಾರೂ ತೆಗೆಸಲಿಲ್ಲ. ಮಿನ್ಕಾ.

ಬಸ್ ನಿಲ್ದಾಣದಲ್ಲೂ ಬರೆದಳು, ಬ್ರೆಡ್ಡಿನ ಅಂಗಡಿಯ ಮುಂದಿನ ಮರಕ್ಕೆ ಅಂಟಿಸಿದ ಹಾಳೆಯಲ್ಲೂ ಬರೆದಳು. ಅವಳು ಇನ್ನೂ ಪೆನ್ಸಿಲ್ ಕೆಳಗಿಳಿಸಿರಲಿಲ್ಲ; ಅಷ್ಟರಲ್ಲಿ ಹಿಂದೆ ಇಬ್ಬರು ಬಂದು ಓದಲು ನಿಂತರು.