ಕಂಪ್ಯೂಟರಿಗೆ ಅತ್ತಿಗೆಯ ಆರೈಕೆ

ಬೆಳಿಗ್ಗೆ ಕಿಟಕಿ ತೆಗೆದರೆ ಬ್ಲೀಚಿಂಗ್ ಪೌಡರಿನ ಘಾಟು. ಪಕ್ಕದವರು ಹೊಸ ಬೆಳೆಗೆಂದು ರೇಷ್ಮೆಯ ಹುಳುಮನೆ ತೊಳೆಯುತ್ತಿದ್ದರು. ಈ ಘಾಟಿಗೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಹಳೆಯ ಕಂಪ್ಯೂಟರು, ಮತ್ತು ಅದಕ್ಕೆ ಕಾಯಿಲೆ ಬಂದಾಗ ಆರೈಕೆ ಮಾಡಿದ ಅತ್ತಿಗೆ.

ಜಂಗಮಕೋಟೆಯ ನಮ್ಮ ಮನೆಯಲ್ಲಿ ಹುಳು ಸಾಕಣೆಯೆಂದರೆ ಅತ್ತಿಗೆಯ ರಾಜ್ಯಭಾರ. ಹೊರಗಿನವರು ಹುಳುಮನೆಯ ಹೊಸಿಲು ದಾಟುವಂತಿರಲಿಲ್ಲ. ಬೇರೆಯವರ ಹುಳು ನೋಡಿ ಬಂದವರಂತೂ ಕೈಕಾಲು ತೊಳೆದರೂ ಆ ದಿನ ಹೊರಗೇ. ಒಮ್ಮೆ ಸಾದಲಿಯಿಂದ ಬಂದ ಸ್ವಂತ ತಮ್ಮನನ್ನೇ ಜಗುಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು ಕಳಿಸಿದ್ದರು. ಮೇಷ್ಟ್ರು ಕೆಲಸದ ನಾನು ಇದನ್ನೆಲ್ಲ ಮಡಿಯೆಂದು ನಗುತ್ತಿದ್ದೆ. ಓದಿದವನ ಜಂಬ, ನೋಡಿ.

ಕಂಪ್ಯೂಟರಿಗೆ ಕಾಯಿಲೆ ಬಂದಾಗ ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅವನ ದನಿ ಉಳಿದಿದ್ದು ಒಂದೇ ಕಡೆ. ಹೊಸ ಮೊಬೈಲು ಪರೀಕ್ಷಿಸಲು ನಾನು ಹುಳುಮನೆಯ ಬಾಗಿಲಲ್ಲಿ ನಿಂತು ರೆಕಾರ್ಡ್ ಮಾಡಿದ್ದ ಅರ್ಧ ನಿಮಿಷ. ಮೊಬೈಲು ಕೆಡುವ ಮೊದಲು ಅದನ್ನು ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಅತ್ತಿಗೆ ಅದನ್ನು ಕೇಳಿರಲಿಲ್ಲ. "ಇರ್ಲಿ ಬಿಡಪ್ಪಾ, ಮನಸ್ಸು ಸ್ವಲ್ಪ ಗಟ್ಟಿಯಾಗ್ಲಿ" ಎನ್ನುತ್ತಿದ್ದರು.

ಅಷ್ಟರಲ್ಲಿ ನಾನು ಶಿಡ್ಲಘಟ್ಟದ ಜೆರಾಕ್ಸ್ ಅಂಗಡಿಯೊಂದರಲ್ಲಿ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿ, ಅದೇ ಪೆನ್ ಡ್ರೈವನ್ನು ತಂದು ಮನೆಯ ಕಂಪ್ಯೂಟರಿಗೆ ಚುಚ್ಚಿದೆ. ಮರುದಿನ ಫೋಲ್ಡರುಗಳ ಜಾಗದಲ್ಲಿ ಬರೀ ಶಾರ್ಟ್‌ಕಟ್‌ಗಳು. ಒತ್ತಿದರೆ ಏನೂ ತೆರೆಯದು. ಅಣ್ಣನ ದನಿಯೂ ಮಾಯ. ಚಿಂತಾಮಣಿಯ ರಿಪೇರಿಯವನಿಗೆ ಫೋನ್ ಮಾಡಿದರೆ "ಫಾರ್ಮ್ಯಾಟ್ ಹೊಡ್ದಾಕಣ ಸಾರ್, ಹೊಸದರಂಗೆ ಆಗ್ತದೆ" ಎಂದ. ಹಾಗೆ ಮಾಡಿದರೆ ಒಳಗಿದ್ದುದೆಲ್ಲ ಅಳಿಸಿಹೋಗುತ್ತದೆ ಎಂದು ಅತ್ತಿಗೆಗೆ ಹೇಳಿದೆ.

ಅವರು ಅಳಲಿಲ್ಲ, ವಿಚಾರಣೆಗೆ ಕೂತರು. ಆ ಪೆನ್ ಡ್ರೈವಿನ ಕಡ್ಡಿ ಎಲ್ಲೆಲ್ಲಿಗೆ ಹೋಗಿತ್ತು ಎಂದು ಕೇಳಿದರು. ಹೇಳಿದೆ.

"ಬೇರೆಯವರ ಹುಳುಮನೆ ಹೊಕ್ಕು, ಕಾಲೂ ತೊಳೀದೆ ನಮ್ಮ ಹುಳುಮನೆಗೆ ನುಗ್ಗಿದಂಗಾಯ್ತಲ್ಲೋ ನಾಯನಾ! ಮೇಷ್ಟ್ರಂತೆ, ಮೇಷ್ಟ್ರು!"

"ತಪ್ಪಾಯ್ತು ಅತ್ತಿಗೆ."

"ಒಂದು ತಟ್ಟೆ ಹುಳಕ್ಕೆ ಹಾಲುರೋಗ ಬಂದ್ರೆ ಬೆಳೆಯೆಲ್ಲಾ ತಿಪ್ಪೆಗೆ ಸುರೀತೀವಾ? ರೋಗದ ಹುಳ ಆರಿಸಿ ತೆಗೀತೀವಿ. ಮೊದ್ಲು ಆ ಇಂಟರ್ನೆಟ್ ವೈರು ಕೀಳು. ಆ ಕಡ್ಡಿ ಇನ್ನ ಯಾವುದಕ್ಕೂ ಚುಚ್ಚಬೇಡ."

ಶಾಲೆಯ ಚೊಕ್ಕ ಕಂಪ್ಯೂಟರಿನಲ್ಲಿ, ತಯಾರಿಸಿದವರ ಸ್ವಂತ ಜಾಲತಾಣದಿಂದಲೇ ಆಂಟಿವೈರಸ್ ಇಳಿಸಿ, ಹೊಸ ಸಿ.ಡಿ.ಗೆ ತುಂಬಿ ತಂದೆ. ಸ್ಕ್ಯಾನು ಮಧ್ಯಾಹ್ನವಿಡೀ ತೆವಳಿತು. ನಾನು ಮೌಸಿಗೆ ಕೈಹಾಕಿದರೆ ಅತ್ತಿಗೆ ಕೈಮೇಲೆ ಹೊಡೆದರು. "ಜ್ವರಕ್ಕೆ ಕೂತಿರೋ ಹುಳಾನ ಯಾರಾದ್ರೂ ಅಲುಗಾಡಿಸ್ತಾರಾ?" ಪೊರೆ ಬಿಡುವ ಮೊದಲು ಹುಳು ಸೊಪ್ಪು ತಿನ್ನದೆ ಸುಮ್ಮನಾಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕಂಪ್ಯೂಟರಿಗೂ ಆ ಮರ್ಯಾದೆ ಸಿಕ್ಕಿತು.

ಸಂಜೆಗೆ ರೋಗದ ಫೈಲುಗಳು ಬೇರೆಯಾದವು. ನಮ್ಮ ಫೋಲ್ಡರುಗಳು ಅಳಿದಿರಲಿಲ್ಲ, ವೈರಸ್ಸು ಅವನ್ನು ಮರೆಮಾಡಿತ್ತಷ್ಟೆ. ಅಡಗಿದ್ದನ್ನೂ ತೋರಿಸು ಎಂಬಲ್ಲಿ ಟಿಕ್ ಹಾಕಿದಾಗ ಅಣ್ಣನ ಫೈಲು ಮಂಕಾಗಿ ಕಾಣಿಸಿತು. ಅತ್ತಿಗೆಯ ಮುಖ ನೋಡಿದೆ. "ಒತ್ತಪ್ಪಾ" ಎಂದರು.

ತಟ್ಟೆ ಸರಿಸುವ ಸದ್ದು, ಒಂದು ಕೆಮ್ಮು, ಆಮೇಲೆ ಅಣ್ಣ: "ಲಕ್ಷ್ಮೀ, ಸೊಪ್ಪು ಹಾಕಿದ್ಯೇನೇ?"

ಅತ್ತಿಗೆ ಕೂತಲ್ಲೇ ನೆಟ್ಟಗಾಗಿ "ಹಾಕಿದೀನಿ ಕಣ್ರೀ" ಎಂದುಬಿಟ್ಟರು. ಅಂದಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ.

ಮರುದಿನವೇ ಆ ಫೈಲನ್ನು ಎರಡು ಕಡೆ ನಕಲು ಮಾಡಿಟ್ಟೆ. ಅಷ್ಟು ಬುದ್ಧಿ ಬಂದವನಿಗೆ ಅತ್ತಿಗೆಯ ದನಿಯನ್ನೂ ಹಿಡಿದಿಡಬೇಕೆಂದು ಮಾತ್ರ ಹೊಳೆಯಲಿಲ್ಲ. ಅವರು ಹೋಗಿ ಈಗ ಮೂರು ವರ್ಷ. ನಮ್ಮಲ್ಲಿ ಹುಳು ಸಾಕಣೆಯೂ ನಿಂತಿದೆ. ಇವತ್ತು ಬಹಳ ದಿನದ ಮೇಲೆ ಆ ಫೈಲು ತೆರೆದೆ. ಅಣ್ಣ ಅದೇ ಪ್ರಶ್ನೆ ಕೇಳಿದ, ಅಲ್ಲಿಗೆ ರೆಕಾರ್ಡು ಮುಗಿಯಿತು. ನಾನೇ ಹೇಳಿದೆ:

"ಅತ್ತಿಗೆ ಹಾಕಿದಾರೆ ಕಣಣ್ಣ."